ಮೂರು ವರ್ಷದ ಸೈನಸ್: ನನ್ನ ಸಿಂಬಳ ಹೇಗೆ ಬದಲಾಯಿತು ಅಂತ ಬರೆದಿಟ್ಟಿದ್ದೇನೆ, ಓದಿ ಹೇಳಿ

ಬಳ್ಳಾರಿ ಹೊಲಿಗೆ ಅಕ್ಕ

ಎಲ್ಲರಿಗೂ ನಮಸ್ಕಾರ. ಹೇಳಿಕೊಳ್ಳುವುದಕ್ಕೆ ಸ್ವಲ್ಪ ಮುಜುಗರದ ವಿಷಯ. ಮನೆಯಲ್ಲಿ ಬಾಯಿ ತೆಗೆದರೆ "ಊಟದ ಹೊತ್ತಿಗೆ ಅದೇ ಮಾತಾ" ಅನ್ನುತ್ತಾರೆ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನನಗೆ 38 ವರ್ಷ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕಡೆ ಹತ್ತು ವರ್ಷದಿಂದ ಕೆಲಸ. ಮೂರು ವರ್ಷದ ಹಿಂದೆ ಒಂದು ನೆಗಡಿ ಬಂತು. ಬಂದದ್ದು ಹೋಗಲೇ ಇಲ್ಲ. ಮೊದಮೊದಲು ಬರೀ ನೀರು. ಬಗ್ಗಿ ಬಟ್ಟೆ ಎತ್ತಿದರೆ ತೊಟ್ಟಿಕ್ಕುತ್ತಿತ್ತು, ಜೊತೆಗೆ ಒಂದೇ ಸಮ ಸೀನು. ಆರು ತಿಂಗಳಾದ ಮೇಲೆ ನೀರು ಕಡಿಮೆಯಾಯಿತು. ಬಿಳಿ ಲೋಳೆ ಶುರುವಾಯಿತು, ಗಂಜಿಯ ಹಾಗೆ. ಆಮೇಲೆ ಬೆಳಿಗ್ಗೆ ಎದ್ದ ಕೂಡಲೇ ಹಳದಿ ಗಟ್ಟಿ, ಮಧ್ಯಾಹ್ನಕ್ಕೆ ಬಿಳಿ. ಕಳೆದ ವರ್ಷ ಹಸಿರಾಯಿತು. ಈಗ ಮುಂದೆ ಬರುವುದೇ ಕಡಿಮೆ. ಎಲ್ಲಾ ಗಂಟಲ ಹಿಂದೆ ಇಳಿಯುತ್ತದೆ. ದಿನವಿಡೀ ಕ್ಯಾಕರಿಸಬೇಕು. ಕೈಗೆ ಬಂದರೆ ರಬ್ಬರಿನ ಹಾಗೆ ಎಳೆಯುತ್ತದೆ.

ಇದನ್ನೆಲ್ಲಾ ಹೊಲಿಗೆ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ದಿನಾಂಕ ಹಾಕಿ ಬರೆದಿದ್ದೇನೆ. ಯಾಕೆಂದರೆ ಹೋದ ಕಡೆಯೆಲ್ಲ "ಬಣ್ಣ ಏನು?" ಅಂತ ಕೇಳುತ್ತಿದ್ದರು. ಹಳದಿ ಅಂದರೆ ಒಂದು ಮಾತ್ರೆ, ಹಸಿರು ಅಂದರೆ ಅದಕ್ಕಿಂತ ದೊಡ್ಡ ಮಾತ್ರೆ. ಮೂರು ವರ್ಷದಲ್ಲಿ ಐದು ಸಲ ಆಂಟಿಬಯಾಟಿಕ್ ಕೋರ್ಸ್ ಮುಗಿಸಿದ್ದೇನೆ. ಬಣ್ಣ ಹೋಗುತ್ತದೆ, ಮೂರು ವಾರಕ್ಕೆ ವಾಪಸ್ ಬರುತ್ತದೆ. ಗಟ್ಟಿತನ ಮಾತ್ರ ಒಂದು ದಿನವೂ ಕಡಿಮೆಯಾಗಿಲ್ಲ.

ನಿಜವಾಗಿ ಹೆದರಿದ್ದು ಹೋದ ತಿಂಗಳು. ಒಲೆಯ ಪಕ್ಕದಲ್ಲೇ ನಿಂತು ಸೊಪ್ಪು ಬಿಡಿಸುತ್ತಿದ್ದೆ. ಹಾಲು ಸೀದು ಪಾತ್ರೆ ತಳ ಕಪ್ಪಾಗಿತ್ತು. ಪಕ್ಕದ ಮನೆಯವರು ಓಡಿ ಬಂದು ಹೇಳಿದ ಮೇಲೆ ನನಗೆ ಗೊತ್ತಾಯಿತು. ವಾಸನೆ ಯಾವಾಗ ಹೋಯಿತು ಅನ್ನುವುದನ್ನು ಪುಸ್ತಕದಲ್ಲಿ ಬರೆದೇ ಇಲ್ಲ. ಬರೀ ಬಣ್ಣ ಬರೆದುಕೊಂಡು ಕೂತಿದ್ದೆ.

ನನ್ನ ಪ್ರಶ್ನೆ ಇಷ್ಟೇ. ಸಿಂಬಳ ಯಾಕೆ ಹೀಗೆ ಬದಲಾಗುತ್ತದೆ? ಅದರಲ್ಲಿ ಏನು ನೋಡಬೇಕು?

ಗಂಗಾವತಿ ಮೆಡಿಕಲ್

ಅಕ್ಕಾರೇ, ಮೊದಲು ಒಂದು ಮಾತು. ಮುಜುಗರ ಬೇಡ. ನಾನು ಹದಿನೆಂಟು ವರ್ಷದಿಂದ ಮೆಡಿಕಲ್ ಶಾಪ್ ನಡೆಸುತ್ತಿದ್ದೇನೆ. ಚಳಿಗಾಲದಲ್ಲಿ ದಿನಕ್ಕೆ ಹತ್ತು ಜನರಾದರೂ ಬಂದು "ಅಣ್ಣಾ, ಹಸಿರು ಬಂದಿದೆ, ಸ್ಟ್ರಾಂಗ್ ಮಾತ್ರೆ ಕೊಡು" ಅನ್ನುತ್ತಾರೆ. ಚೀಟಿ ಇಲ್ಲದೆ ಕೊಡಲ್ಲ ಅಂದರೆ ಸಿಟ್ಟಾಗಿ ಮುಂದಿನ ಅಂಗಡಿಗೆ ಹೋಗುತ್ತಾರೆ.

ಒಂದು ಕೇಳುತ್ತೇನೆ. ಮೂಗಿಗೆ ಬಿಡುವ ಡ್ರಾಪ್ಸ್ ಏನಾದರೂ ಬಳಸುತ್ತಿದ್ದೀರಾ? ಬಿಟ್ಟ ಐದು ನಿಮಿಷಕ್ಕೆ ಮೂಗು ತೆರೆಯುತ್ತದಲ್ಲ, ಅದು. ಜೈಲೋಮೆಟಜೋಲಿನ್ ಅಥವಾ ಆಕ್ಸಿಮೆಟಜೋಲಿನ್ ಅಂತ ಬರೆದಿರುತ್ತದೆ. ಐದು ದಿನದ ಮೇಲೆ ಅದನ್ನು ಎಳೆಯಬಾರದು. ಎಳೆದರೆ ಔಷಧಿಯ ಪರಿಣಾಮ ಇಳಿದಾಗಲೆಲ್ಲ ಮೂಗು ಮೊದಲಿಗಿಂತ ಜಾಸ್ತಿ ಕಟ್ಟುತ್ತದೆ. ವರ್ಷಗಟ್ಟಲೆ ತಲೆದಿಂಬಿನ ಕೆಳಗೆ ಅದನ್ನೇ ಇಟ್ಟುಕೊಂಡು ಮಲಗುವವರು ನನ್ನ ಗಿರಾಕಿಗಳಲ್ಲೇ ಇದ್ದಾರೆ.

ಬಳ್ಳಾರಿ ಹೊಲಿಗೆ ಅಕ್ಕ

ಹೌದು ಅಣ್ಣಾರೇ. ರಾತ್ರಿ ಮಲಗುವಾಗ ಎರಡೆರಡು ಹನಿ. ಒಂದೂವರೆ ವರ್ಷವಾಯಿತು. ಇದು ಯಾರೂ ಹೇಳಿರಲಿಲ್ಲ.

ಮೂಗಿನ ಡಾಕ್ಟರ್

ನಾನು ಕಿವಿ ಮೂಗು ಗಂಟಲು ವಿಭಾಗದಲ್ಲಿ ಪಿಜಿ ಮಾಡುತ್ತಿದ್ದೇನೆ, ಊರು ರಾಯಚೂರು ಕಡೆ. ನಿಮ್ಮನ್ನು ಪರೀಕ್ಷೆ ಮಾಡದೆ ಇಂಥದ್ದೇ ಅಂತ ಹೇಳುವುದು ತಪ್ಪಾಗುತ್ತದೆ. ಆದರೆ ನಿಮ್ಮ ಪುಸ್ತಕ ಓದಿ ತುಂಬಾ ಖುಷಿಯಾಯಿತು ಅಕ್ಕಾ. ಇಷ್ಟು ವಿವರ ನಮಗೆ ಓಪಿಡಿಯಲ್ಲಿ ಯಾರೂ ಕೊಡುವುದಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ.

ಸಿಂಬಳ ಅಂದರೆ ಕಸ ಅಂತ ನಾವು ಅಂದುಕೊಂಡಿದ್ದೇವೆ. ಅದು ಕಸವಲ್ಲ, ಕಸ ಹೊರುವ ಕೆಲಸಗಾರ. ಆರೋಗ್ಯವಾಗಿರುವವರ ಮೂಗಿನಲ್ಲೂ ದಿನಕ್ಕೆ ಹತ್ತಿರ ಹತ್ತಿರ ಒಂದು ಲೀಟರ್ ತಯಾರಾಗುತ್ತದೆ. ಅದರಲ್ಲಿ ನೂರಕ್ಕೆ 95 ಪಾಲು ನೀರು. ಉಳಿದದ್ದು ಉಪ್ಪು, ರೋಗಾಣು ಕೊಲ್ಲುವ ಕೆಲವು ಪದಾರ್ಥ, ಮತ್ತೆ ಲೋಳೆತನ ಕೊಡುವ ಮ್ಯೂಸಿನ್ ಅನ್ನುವ ಪ್ರೋಟೀನ್. ಧೂಳು, ಹೊಗೆ, ರೋಗಾಣು ಎಲ್ಲಾ ಅದಕ್ಕೆ ಅಂಟಿಕೊಳ್ಳುತ್ತವೆ. ಅದರ ಕೆಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳಿವೆ. ಸೆಕೆಂಡಿಗೆ ಹತ್ತರಿಂದ ಇಪ್ಪತ್ತು ಸಲ ಬಡಿಯುತ್ತಾ ಲೋಳೆಯನ್ನು ಗಂಟಲ ಕಡೆ ತಳ್ಳುತ್ತವೆ. ನಿಮಿಷಕ್ಕೆ ಐದಾರು ಮಿಲಿಮೀಟರ್ ಅಷ್ಟೇ. ನಮಗೆ ಗೊತ್ತೇ ಆಗದ ಹಾಗೆ ನುಂಗಿಬಿಡುತ್ತೇವೆ.

ಈಗ ಸೈನಸ್‌ಗಳು, ಅಂದರೆ ಮುಖದ ಮೂಳೆಯೊಳಗೆ ಗಾಳಿ ತುಂಬಿದ ಟೊಳ್ಳು ಜಾಗಗಳು. ನಾಲ್ಕು ಜೊತೆ ಇವೆ. ಕೆನ್ನೆಯ ಒಳಗಿರುವುದು ಎಲ್ಲಕ್ಕಿಂತ ದೊಡ್ಡದು. ಅದರ ಬಾಗಿಲು ಇರುವುದು ಕೆಳಗಲ್ಲ, ಮೇಲೆ! ನೀರಿನ ಟ್ಯಾಂಕಿಗೆ ನಲ್ಲಿಯನ್ನು ಮುಚ್ಚಳದ ಹತ್ತಿರ ಕೂರಿಸಿದ ಹಾಗೆ. ತಾನಾಗಿ ಸುರಿದು ಹೋಗುವ ಮಾತೇ ಇಲ್ಲ. ಆ ಕೂದಲುಗಳೇ ಲೋಳೆಯನ್ನು ಮೇಲಕ್ಕೆ ಹೊತ್ತು ಬಾಗಿಲು ದಾಟಿಸಬೇಕು.

ಊತ ಹನ್ನೆರಡು ವಾರ ದಾಟಿದರೆ ಅದನ್ನು ದೀರ್ಘಕಾಲದ ಸೈನಸ್ ಅನ್ನುತ್ತೇವೆ. ಆಗ ಮೂರು ಕಡೆ ಕೆಡುತ್ತದೆ. ಬಾಗಿಲು ಊದಿ ಮುಚ್ಚುತ್ತದೆ. ಕೂದಲುಗಳು ಸೋತು ಕೆಲವು ಕಡೆ ಉದುರಿಯೇ ಹೋಗುತ್ತವೆ. ಇನ್ನೊಂದು ಕಡೆ ಲೋಳೆ ತಯಾರಿಸುವ ಕೋಶಗಳು ಲೆಕ್ಕದಲ್ಲೇ ಜಾಸ್ತಿಯಾಗುತ್ತವೆ, ಮ್ಯೂಸಿನ್ ಹೆಚ್ಚು ಸುರಿಸುತ್ತವೆ. ತಯಾರಿ ಜಾಸ್ತಿ, ಸಾಗಾಟ ಕಡಿಮೆ. ನಿಂತಲ್ಲೇ ನಿಂತ ಲೋಳೆಯಿಂದ ನೀರು ಇಂಗುತ್ತದೆ. ಊತಕ್ಕೆ ಬಂದ ಬಿಳಿ ರಕ್ತಕಣಗಳು ಅಲ್ಲೇ ಸತ್ತಾಗ ಅವುಗಳೊಳಗಿನ ಡಿಎನ್‌ಎ ಎಳೆ ಎಳೆಯಾಗಿ ಹೊರಬಂದು ಬಲೆಯ ಹಾಗೆ ಸಿಕ್ಕಿಕೊಳ್ಳುತ್ತದೆ. ನೀವು ಹೇಳಿದ ರಬ್ಬರಿನಂಥ ಎಳೆತ ಬಹಳಷ್ಟು ಇದರಿಂದಲೇ ಬರುತ್ತದೆ.

ಇನ್ನು ಬಣ್ಣ. ಹಸಿರು ಬಣ್ಣ ರೋಗಾಣುವಿನದಲ್ಲ. ನಮ್ಮದೇ ಬಿಳಿ ರಕ್ತಕಣದಲ್ಲಿ ಮೈಲೋಪೆರಾಕ್ಸಿಡೇಸ್ ಅನ್ನುವ ಕಿಣ್ವವಿದೆ. ಅದರಲ್ಲಿ ಕಬ್ಬಿಣವಿದೆ, ಅದರ ಬಣ್ಣವೇ ಹಸಿರು. ಅಂದರೆ ಹಸಿರು ಸಿಂಬಳ ಹೇಳುವುದು "ಇಲ್ಲಿ ಬಿಳಿ ರಕ್ತಕಣ ಜಾಸ್ತಿ ಸೇರಿವೆ, ಬಹಳ ಹೊತ್ತಿನಿಂದ ನಿಂತಿದೆ" ಅಂತ. ಅವು ಬ್ಯಾಕ್ಟೀರಿಯಾಕ್ಕೆ ಬಂದಿರಬಹುದು, ವೈರಸ್ಸಿಗೆ ಬಂದಿರಬಹುದು, ಬರೀ ಊತಕ್ಕೂ ಬಂದಿರಬಹುದು. ಬಣ್ಣ ನೋಡಿ ಯಾವುದು ಅಂತ ಹೇಳಲು ನನಗೂ ಆಗುವುದಿಲ್ಲ, ನನ್ನ ಪ್ರೊಫೆಸರಿಗೂ ಆಗುವುದಿಲ್ಲ. ಬೆಳಿಗ್ಗೆ ಹಳದಿ, ಮಧ್ಯಾಹ್ನ ಬಿಳಿ ಅಂತ ಬರೆದಿದ್ದೀರಲ್ಲ, ಅದು ರಾತ್ರಿಯಿಡೀ ನಿಂತು ಒಣಗಿದ್ದರ ಗುರುತು.

ನಿಮ್ಮ ಪುಸ್ತಕದಲ್ಲಿ ನನಗೆ ಮುಖ್ಯ ಅನಿಸಿದ್ದು ಬಣ್ಣವಲ್ಲ. ಗಟ್ಟಿತನ ಒಂದು ದಿನವೂ ಇಳಿದಿಲ್ಲ, ವಾಸನೆ ಹೋಗಿದೆ. ಈ ಎರಡು. ದಯವಿಟ್ಟು ಮೂಗಿನೊಳಗೆ ಎಂಡೋಸ್ಕೋಪ್ (ಕ್ಯಾಮೆರಾ ಇರುವ ಸಣ್ಣ ಕೊಳವೆ) ಬಿಟ್ಟು ನೋಡುವವರ ಹತ್ತಿರ ಹೋಗಿ.

ಸಿಂಧನೂರು ಗಿರಣಿ

ಡಾಕ್ಟ್ರೇ, ಬಾಗಿಲು ಮೇಲಿದೆ ಅಂದಿರಲ್ಲ, ಓದಿ ಮೈ ಜುಮ್ಮೆಂದಿತು. ನಮ್ಮ ಅಕ್ಕಿ ಗಿರಣಿಯಲ್ಲಿ ಎಲಿವೇಟರ್ ಇದೆ. ಸಣ್ಣ ಸಣ್ಣ ಬಕೆಟ್ ಇರುವ ಬೆಲ್ಟು. ಕೆಳಗಿನ ಭತ್ತವನ್ನು ಮೇಲಕ್ಕೆ ಹೊರುತ್ತದೆ. ಬೆಲ್ಟ್ ನಿಂತರೆ ಹತ್ತು ನಿಮಿಷಕ್ಕೆ ಕೆಳಗೆ ಗುಡ್ಡೆ. ನಮ್ಮ ಮೂಗಿನಲ್ಲೂ ಅದೇ ಅಲ್ವಾ?

ನನ್ನದು ಬೇರೆ ಪ್ರಶ್ನೆ. ಸುಗ್ಗಿಯಲ್ಲಿ ಗಿರಣಿ ಹಗಲು ರಾತ್ರಿ ಓಡುತ್ತದೆ. ಆಗ ನನ್ನ ಸಿಂಬಳ ಬೂದು, ಕೆಲವು ದಿನ ಕಪ್ಪು. ಇದು ಒಳಗಿನ ರೋಗವಾ, ಹೊರಗಿನ ಧೂಳಾ?

ಸಂಡೂರು ಲಾರಿ

ನನ್ನದೂ ಅದೇ ಪ್ರಶ್ನೆ. ಅದಿರು ಲೋಡ್ ಮಾಡುವ ದಿನ ನನ್ನದು ಇಟ್ಟಿಗೆ ಬಣ್ಣ. ಮೊದಲ ಸಲ ರಕ್ತ ಅಂತ ಹೆದರಿ ಲಾರಿ ಪಕ್ಕಕ್ಕೆ ಹಾಕಿ ಕೂತುಬಿಟ್ಟಿದ್ದೆ. ಕರವಸ್ತ್ರ ಒಗೆದರೆ ನೀರೆಲ್ಲ ಕೆಂಪು. ಊರಿಗೆ ಹೋಗಿ ನಾಲ್ಕು ದಿನ ಇದ್ದರೆ ತಿಳಿಯಾಗುತ್ತದೆ.

ಮೂಗಿನ ಡಾಕ್ಟರ್

ಗಿರಣಿ ಅಣ್ಣಾ, ಹೋಲಿಕೆ ಸರಿಯಾಗಿದೆ. ನಾಳೆ ರೋಗಿಗಳಿಗೆ ಅದನ್ನೇ ಹೇಳುತ್ತೇನೆ.

ಸಂಡೂರು ಅಣ್ಣ ತಾವೇ ಉತ್ತರ ಹೇಳಿಬಿಟ್ಟಿದ್ದಾರೆ. ಕೆಲಸ ಬಿಟ್ಟು ಮೂರು ನಾಲ್ಕು ದಿನ ಇದ್ದಾಗ ಬಣ್ಣ ತಿಳಿಯಾದರೆ ಅದು ಧೂಳಿನ ಬಣ್ಣ. ಮೂಗು ತನ್ನ ಕೆಲಸ ಮಾಡಿದೆ, ಹಿಡಿದದ್ದನ್ನು ಹೊರಹಾಕಿದೆ. ರಜೆಯಲ್ಲೂ ಕಂದು, ಕಪ್ಪು ಬರುತ್ತಿದ್ದರೆ ತೋರಿಸಬೇಕು. ರಕ್ತವಾದರೆ ಸಾಮಾನ್ಯವಾಗಿ ಎಳೆ ಎಳೆಯಾಗಿ ಕಾಣುತ್ತದೆ, ಧೂಳು ಪೂರ್ತಿ ಕಲೆತಿರುತ್ತದೆ. ಒಂದೇ ಹೊಳ್ಳೆಯಿಂದ ಮತ್ತೆ ಮತ್ತೆ ರಕ್ತ ಬಂದರೆ ಮಾತ್ರ ಕಾಯಬೇಡಿ.

ಹಾಗಂತ ಧೂಳು ಸುಮ್ನೆ ಹೋಗುವುದಿಲ್ಲ. ಹೊಟ್ಟಿನ ಧೂಳು, ಹತ್ತಿಯ ಎಳೆ, ಹೊಗೆ ಇವೆಲ್ಲ ಊತವನ್ನು ಕೆರಳಿಸುತ್ತವೆ. ನಮ್ಮ ಕಡೆ ಇನ್ನೆರಡಿವೆ. ರಸ್ತೆ ಬದಿಯ ಕಾಂಗ್ರೆಸ್ ಗಿಡ, ಮತ್ತೆ ಬಳ್ಳಾರಿ ಜಾಲಿ. ಎರಡರ ಪರಾಗವೂ ಅಲರ್ಜಿ ಮಾಡುತ್ತದೆ. ಊರಿನ ಹೆಸರೇ ಇಟ್ಟುಕೊಂಡ ಮರ ಊರಿನವರ ಮೂಗಿಗೆ ಬಿದ್ದಿದೆ ನೋಡಿ.

ಮಾನ್ವಿ ಮಾಸ್ತರು

ನಾನು ನಿವೃತ್ತ ಶಿಕ್ಷಕ. ಡಾಕ್ಟರಮ್ಮ ಹೇಳಿದ ಒಂದು ಮಾತು ನನಗೆ ಒಪ್ಪಿಗೆ ಆಗಲಿಲ್ಲ, ಕ್ಷಮಿಸಿ. ನನಗೆ ವರ್ಷಕ್ಕೆ ಎರಡು ಸಲ ಹಳದಿ ಸಿಂಬಳ ಬರುತ್ತದೆ. ಆಂಟಿಬಯಾಟಿಕ್ ತೆಗೆದುಕೊಂಡ ಮೂರನೇ ದಿನಕ್ಕೆ ಬಿಳಿಯಾಗುತ್ತದೆ. ಮೂವತ್ತು ವರ್ಷದ ಅನುಭವ. ಔಷಧಿ ಕೆಲಸ ಮಾಡದಿದ್ದರೆ ಬಿಳಿ ಹೇಗಾಯಿತು?

ಮೂಗಿನ ಡಾಕ್ಟರ್

ಸರ್, ಕೇಳಿದ್ದು ಒಳ್ಳೆಯದಾಯಿತು. ಮಾತ್ರೆ ಯಾವ ದಿನ ಶುರು ಮಾಡುತ್ತೀರಿ?

ಮಾನ್ವಿ ಮಾಸ್ತರು

ನಾಲ್ಕೈದು ದಿನ ಕಷಾಯ ಕುಡಿದು ನೋಡುತ್ತೇನೆ. ಆಮೇಲೆ.

ಮೂಗಿನ ಡಾಕ್ಟರ್

ಸರ್, ನೀವೇ ಲೆಕ್ಕ ಹಾಕಿ. ಐದನೇ ದಿನ ಮಾತ್ರೆ, ಎಂಟನೇ ದಿನ ಬಿಳಿ. ಸಾಮಾನ್ಯ ನೆಗಡಿ ವೈರಸ್ಸಿನಿಂದ ಬರುತ್ತದೆ. ಮೊದಲು ನೀರು, ಮೂರು ನಾಲ್ಕು ದಿನಕ್ಕೆ ಹಳದಿ ಹಸಿರು, ಏಳರಿಂದ ಹತ್ತು ದಿನದಲ್ಲಿ ತಾನೇ ಇಳಿಯುತ್ತದೆ. ಮಾತ್ರೆ ತೆಗೆದುಕೊಳ್ಳದಿದ್ದರೂ ಎಂಟನೇ ದಿನಕ್ಕೆ ಬಿಳಿಯಾಗುತ್ತಿತ್ತು.

ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಹತ್ತು ದಿನ ದಾಟಿದರೂ ಒಂದಿಷ್ಟೂ ಇಳಿಯದಿದ್ದರೆ, ಜೋರು ಜ್ವರದ ಜೊತೆ ಕೀವಿನಂಥ ಸಿಂಬಳ ಮತ್ತು ಮುಖನೋವು ಮೂರು ನಾಲ್ಕು ದಿನ ಇದ್ದರೆ, ಅಥವಾ ಕಡಿಮೆಯಾಗಿ ಮತ್ತೆ ಇದ್ದಕ್ಕಿದ್ದ ಹಾಗೆ ಜಾಸ್ತಿಯಾದರೆ ಆಗ ಬ್ಯಾಕ್ಟೀರಿಯಾ ಇರುವ ಸಾಧ್ಯತೆ ಹೆಚ್ಚು, ಆಗ ಬರೆಯುತ್ತೇವೆ. ಅಕ್ಕನದು ಇದಲ್ಲ. ಅವರದು ಮೂರು ವರ್ಷದ ಊತ. ಅಂಥವರಿಗೆ ಸೋಂಕಿನ ಅನುಮಾನ ಬಂದರೆ ಒಳಗಿನ ಕೀವು ತೆಗೆದು ಕಲ್ಚರ್‌ಗೆ (ಲ್ಯಾಬಿನಲ್ಲಿ ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ) ಕಳಿಸಿ, ಯಾವ ಔಷಧಿ ನಾಟುತ್ತದೆ ನೋಡಿ ಕೊಡುವುದು ಸರಿಯಾದ ದಾರಿ.

ಮಾನ್ವಿ ಮಾಸ್ತರು

ಮುಂದಿನ ಸಲ ಹತ್ತು ದಿನ ಕಾಯುತ್ತೇನೆ ತಾಯೀ. ದಿನಾಂಕವನ್ನೂ ಬರೆದಿಡುತ್ತೇನೆ.

ರಾಯಚೂರು ಕೋಟೆ

ಹೊಲಿಗೆ ಅಕ್ಕಾರೇ, ನಿಮ್ಮ ಹಾಲು ಸೀದ ಕತೆ ಓದಿ ಎದೆ ಹಿಂಡಿದ ಹಾಗಾಯಿತು. ನನ್ನದೂ ಹೆಚ್ಚು ಕಡಿಮೆ ಅದೇ ದಾರಿ. ನಾನು ಹತ್ತಿ ಮಾರ್ಕೆಟ್ಟಿನಲ್ಲಿ ಲೆಕ್ಕ ಬರೆಯುವವನು. ಬೆಳಿಗ್ಗೆ ಒಗ್ಗರಣೆ ಮಿರ್ಚಿ ಇಲ್ಲದೆ ನಮ್ಮ ಕಡೆ ದಿನ ಶುರುವಾಗುವುದಿಲ್ಲ. ನಾಲ್ಕು ವರ್ಷ ಅದನ್ನು ವಾಸನೆಯಿಲ್ಲದೆ ತಿಂದೆ. ಬಾಯಿಗೆ ಖಾರ ಮಾತ್ರ ಗೊತ್ತಾಗುತ್ತಿತ್ತು, ಮಿರ್ಚಿ ಅಂತ ಗೊತ್ತಾಗುತ್ತಿರಲಿಲ್ಲ.

ನನ್ನ ಸಿಂಬಳದ ವಿಷಯ ಹೇಳುತ್ತೇನೆ. ಶೇಂಗಾ ಹುರಿದು ನುಣ್ಣಗೆ ಅರೆದರೆ ಎಣ್ಣೆ ಬಿಟ್ಟು ಅಂಟಂಟಾಗುತ್ತದಲ್ಲ, ಥೇಟ್ ಹಾಗೆ. ಹಳದಿ ಮಿಶ್ರ ಕಂದು. ಎಂಡೋಸ್ಕೋಪಿಯಲ್ಲಿ ಪರದೆಯ ಮೇಲೆ ತೋರಿಸಿದರು. ಎರಡೂ ಕಡೆ ಬಿಳಿ ದ್ರಾಕ್ಷಿ ಗೊಂಚಲಿನಂಥ ಗಡ್ಡೆ. ಪಾಲಿಪ್ ಅಂತೆ. ಕ್ಯಾನ್ಸರ್ ಅಲ್ಲ, ಊತ ಜಾಸ್ತಿಯಾಗಿ ಪೊರೆಯೇ ಜೋತು ಬಿದ್ದಿರುವುದು ಅಂದರು. ಲೋಳೆಯನ್ನು ಪ್ಯಾಥಾಲಜಿಗೆ ಕಳಿಸಿದಾಗ ಇಯೋಸಿನೋಫಿಲ್ ಅನ್ನುವ ಅಲರ್ಜಿ ಕಣಗಳು ತುಂಬಿದ್ದವು. ಜೊತೆಗೆ ಸೂಜಿಯಂಥ ಹರಳುಗಳು.

ಇನ್ನೊಂದು. ನನಗೆ ಆಸ್ತಮಾ ಕೂಡ ಇದೆ. ಒಂದು ಸಲ ಹಲ್ಲುನೋವಿಗೆ ನೋವಿನ ಮಾತ್ರೆ ನುಂಗಿದೆ. ಒಂದು ಗಂಟೆಯೊಳಗೆ ಮೂಗಿನಿಂದ ನೀರು ಸುರಿಯಿತು, ಉಸಿರು ಸಿಕ್ಕಿಕೊಂಡಿತು. ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಅಲ್ಲಿ ಮೂರನ್ನೂ ಜೋಡಿಸಿ ನೋಡಿದರು: ಪಾಲಿಪ್, ಆಸ್ತಮಾ, ಆಸ್ಪಿರಿನ್ ಗುಂಪಿನ ಮಾತ್ರೆ ಆಗದಿರುವುದು. ಈಗ ಪಾಕೀಟಿನಲ್ಲಿ ಚೀಟಿ ಇಟ್ಟುಕೊಂಡಿದ್ದೇನೆ, ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಡಬೇಡಿ ಅಂತ.

ದುರ್ಬೀನಿನ ಆಪರೇಷನ್ ಆಗಿ ಎರಡು ವರ್ಷವಾಯಿತು. ಹೊರಗೆ ಗಾಯವಿಲ್ಲ, ಮೂಗಿನ ಒಳಗಿಂದಲೇ. ಆದರೆ ಆಪರೇಷನ್ ಆಯಿತು, ಮುಗಿಯಿತು ಅಂತ ಅಂದುಕೊಳ್ಳಬೇಡಿ. ಡಾಕ್ಟರ್ ನನಗೆ ಹೇಳಿದ್ದು ಹೀಗೆ: "ನಾನು ಬಾಗಿಲು ದೊಡ್ಡದು ಮಾಡಿದ್ದೇನೆ. ಒಳಗೆ ಔಷಧಿ ಹೋಗಲಿ ಅಂತ. ಊತ ಇಳಿಸುವುದು ನಿನ್ನ ಕೈಯಲ್ಲಿದೆ." ದಿನಾ ಉಪ್ಪು ನೀರಿನಲ್ಲಿ ತೊಳೆದು ಸ್ಟಿರಾಯ್ಡ್ ಸ್ಪ್ರೇ ಹೊಡೆಯುತ್ತೇನೆ. ಮಧ್ಯೆ ಎರಡು ತಿಂಗಳು ಬಿಟ್ಟೆ. ಲೋಳೆ ಮತ್ತೆ ಗಟ್ಟಿಯಾಗಲು ಶುರುವಾಯಿತು. ಅಂದಿನಿಂದ ಬಿಟ್ಟಿಲ್ಲ.

ಮಿರ್ಚಿ ವಾಸನೆ ವಾಪಸ್ ಬಂದ ದಿನ ಬಂಡಿಯ ಮುಂದೆ ನಿಂತು ಅತ್ತಿದ್ದೇನೆ.

ಬಳ್ಳಾರಿ ಹೊಲಿಗೆ ಅಕ್ಕ

ಅಣ್ಣಾರೇ, ಓದಿ ನನಗೂ ಕಣ್ಣೀರು ಬಂತು. ಸ್ಟಿರಾಯ್ಡ್ ಅಂದರೆ ಭಯ ನನಗೆ. ಮೈ ಊದುತ್ತದೆ, ಮೂಳೆ ಸವೆಯುತ್ತದೆ ಅನ್ನುತ್ತಾರಲ್ಲ?

ಗಂಗಾವತಿ ಮೆಡಿಕಲ್

ಅದು ಮಾತ್ರೆ, ಇಂಜೆಕ್ಷನ್ ತಿಂಗಳುಗಟ್ಟಲೆ ತೆಗೆದುಕೊಂಡರೆ ಅಕ್ಕಾ. ಸ್ಪ್ರೇಯಲ್ಲಿರುವುದು ಮೈಕ್ರೋಗ್ರಾಂ ಲೆಕ್ಕದಲ್ಲಿ. ಮೊಮೆಟಸೋನ್, ಫ್ಲುಟಿಕಸೋನ್ ಅಂತ ಬರುತ್ತವೆ. ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಆದರೆ ಗಿರಾಕಿಗಳು ಮೂರು ದಿನ ಹೊಡೆದು "ಕೆಲಸ ಮಾಡಲಿಲ್ಲ" ಅಂತ ಬಿಡುತ್ತಾರೆ. ಇದು ಆ ಹನಿಯ ಹಾಗೆ ಐದು ನಿಮಿಷದ್ದಲ್ಲ. ವಾರಗಟ್ಟಲೆ ಹೊಡೆದರೆ ಗೊತ್ತಾಗುತ್ತದೆ.

ಹೊಡೆಯುವ ರೀತಿ ಬಹಳ ಜನಕ್ಕೆ ಬರುವುದಿಲ್ಲ. ತಲೆ ಹಿಂದಕ್ಕೆ ಎತ್ತಬೇಡಿ, ಸ್ವಲ್ಪ ಮುಂದಕ್ಕೆ ಬಾಗಿಸಿ. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ. ತುದಿ ಕಿವಿಯ ಕಡೆ ತಿರುಗಿರಬೇಕು, ನಡುವಿನ ಗೋಡೆಗೆ ಹೊಡೆದರೆ ರಕ್ತ ಬರುತ್ತದೆ. ಜೋರಾಗಿ ಎಳೆಯಬೇಡಿ, ಎಳೆದರೆ ಔಷಧಿ ಗಂಟಲಿಗೆ ಹೋಗುತ್ತದೆ.

ಕುಷ್ಟಗಿ ಟೀಚರ್

ನಡುವೆ ಬಂದು ಮಕ್ಕಳ ವಿಷಯ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗವಾಗಬಹುದು. ನನ್ನ ತರಗತಿಯಲ್ಲಿ ಒಂದು ಮಗು, ಒಂದನೇ ಕ್ಲಾಸು. ಒಂದೂವರೆ ತಿಂಗಳು ಬಲ ಹೊಳ್ಳೆಯಿಂದ ಮಾತ್ರ ಸಿಂಬಳ. ಪಕ್ಕದಲ್ಲಿ ಕೂರುವ ಮಕ್ಕಳು ನಾತ ಅಂತ ಎದ್ದು ಹೋಗುತ್ತಿದ್ದರು. ಮನೆಯವರು ಸೈನಸ್ ಅಂತ ಮೂರು ಸಿರಪ್ ಕುಡಿಸಿದ್ದರು. ಎಡ ಹೊಳ್ಳೆ ಪೂರ್ತಿ ಒಣಗಿರುವುದು ನನಗೆ ವಿಚಿತ್ರ ಅನಿಸಿತು. ಹಟ ಹಿಡಿದು ಕೊಪ್ಪಳಕ್ಕೆ ಕಳಿಸಿದೆ. ತೆಗೆದದ್ದು ಹುಣಸೆ ಬೀಜ! ಚೌಕಾಬಾರ ಆಡುವಾಗ ತೂರಿಸಿಕೊಂಡಿತ್ತು. ಹೇಳಿದರೆ ಬೈಯುತ್ತಾರೆ ಅಂತ ಪಾಪ ಅಷ್ಟು ದಿನ ಸುಮ್ಮನಿತ್ತು.

ಮೂಗಿನ ಡಾಕ್ಟರ್

ಟೀಚರ್, ನಿಮಗೆ ನಮಸ್ಕಾರ. ಮಕ್ಕಳಲ್ಲಿ ಒಂದೇ ಕಡೆ ನಾತದ ಸಿಂಬಳ ಅಂದರೆ ಬೇರೆ ಏನಾದರೂ ಅಂತ ಸಾಬೀತಾಗುವವರೆಗೂ ಒಳಗೆ ಏನೋ ಸಿಕ್ಕಿದೆ ಅಂತಲೇ ನಾವು ಹಿಡಿಯುವುದು. ಆಟಿಕೆಯ ಬಟನ್ ಬ್ಯಾಟರಿ ಆಗಿದ್ದರೆ ಅದೇ ದಿನ ಓಡಬೇಕು. ಕೆಲವೇ ಗಂಟೆಗಳಲ್ಲಿ ಒಳಗೆ ಸುಟ್ಟುಬಿಡುತ್ತದೆ.

ದೊಡ್ಡವರಲ್ಲೂ "ಒಂದೇ ಕಡೆ" ಅನ್ನುವ ಮಾತು ಬಂದರೆ ನಾವು ಎದ್ದು ಕೂರುತ್ತೇವೆ. ಮೇಲಿನ ದವಡೆ ಹಲ್ಲಿನ ಬೇರು ಕೆನ್ನೆಯ ಸೈನಸ್ಸಿನ ನೆಲಕ್ಕೆ ಅಂಟಿಕೊಂಡ ಹಾಗೆ ಇರುತ್ತದೆ. ಹಲ್ಲು ಕೊಳೆತರೆ ಕೀವು ಮೇಲಕ್ಕೆ ಒಸರುತ್ತದೆ. ಮೂಗಿಗೆ ಎಷ್ಟು ಔಷಧಿ ಹಾಕಿದರೂ ಪ್ರಯೋಜನವಿಲ್ಲ, ಹಲ್ಲಿಗೇ ಚಿಕಿತ್ಸೆ ಆಗಬೇಕು. ಒಂದೇ ಸೈನಸ್ಸಿನಲ್ಲಿ ಶಿಲೀಂಧ್ರದ ಉಂಡೆ ಕಟ್ಟಿಕೊಳ್ಳುವುದೂ ಇದೆ. ಇನ್ನೊಂದು ಅಪರೂಪದ್ದು: ತಲೆಗೆ ಪೆಟ್ಟು ಬಿದ್ದ ಮೇಲೆ, ಕೆಲವರಿಗೆ ಪೆಟ್ಟಿಲ್ಲದೆಯೂ, ಒಂದೇ ಹೊಳ್ಳೆಯಿಂದ ತಿಳಿ ನೀರು. ಬಗ್ಗಿದರೆ ನಲ್ಲಿಯ ಹಾಗೆ ತೊಟ್ಟಿಕ್ಕುತ್ತದೆ, ಉಪ್ಪುಪ್ಪಾಗಿರುತ್ತದೆ, ಕರವಸ್ತ್ರ ಒಣಗಿದರೂ ಗರಿಗರಿಯಾಗುವುದಿಲ್ಲ. ಅದು ಸಿಂಬಳವೇ ಅಲ್ಲದಿರಬಹುದು, ಮೆದುಳಿನ ಸುತ್ತಲಿನ ನೀರು ಸೋರುತ್ತಿರಬಹುದು. ಅದನ್ನು ಪತ್ತೆ ಮಾಡುವ ಪರೀಕ್ಷೆ ಇದೆ.

ಅಕ್ಕಾ, ನಿಮ್ಮದು ಎರಡೂ ಕಡೆ ಅಲ್ವಾ?

ಬಳ್ಳಾರಿ ಹೊಲಿಗೆ ಅಕ್ಕ

ಎರಡೂ ಕಡೆ. ಮೊದಲಿನಿಂದಲೂ.

ತುಂಗಭದ್ರಾ ಎಡದಂಡೆ

ನಮ್ಮ ತಂದೆಗೆ ಸಕ್ಕರೆ ಕಾಯಿಲೆ, ಇಪ್ಪತ್ತು ವರ್ಷವಾಯಿತು. 2021ರಲ್ಲಿ ಕೋವಿಡ್ ಆದಮೇಲೆ ಕಪ್ಪು ಶಿಲೀಂಧ್ರದ ಸುದ್ದಿ ಕೇಳಿ ಕೇಳಿ ಈಗಲೂ ಅವರ ಮೂಗಿನಲ್ಲಿ ಸ್ವಲ್ಪ ಕಪ್ಪು ಕಂಡರೆ ಮನೆಯಲ್ಲಿ ಯಾರೂ ನಿದ್ದೆ ಮಾಡುವುದಿಲ್ಲ. ಏನು ನೋಡಬೇಕು ಹೇಳಿ. ಜೊತೆಗೆ ಇನ್ನೊಂದು. ಅವರು ದಿನಾ ಜಲನೇತಿ ಮಾಡುತ್ತಾರೆ, ಅಂದರೆ ಮೂಗಿಗೆ ನೀರು ಹಾಯಿಸಿ ತೊಳೆಯುವುದು. ಕಾಲುವೆ ನೀರನ್ನು ಬಟ್ಟೆಯಲ್ಲಿ ಸೋಸಿ ಬಳಸುತ್ತಾರೆ.

ಮೂಗಿನ ಡಾಕ್ಟರ್

ಎರಡನೆಯದಕ್ಕೆ ಮೊದಲು ಉತ್ತರ: ಇವತ್ತೇ ನಿಲ್ಲಿಸಿ. ಜಲನೇತಿಯನ್ನಲ್ಲ, ಆ ನೀರನ್ನು. ಕಾಲುವೆ, ಕೆರೆಯ ಬೆಚ್ಚಗಿನ ನೀರಿನಲ್ಲಿ ನೆಗ್ಲೇರಿಯಾ ಅನ್ನುವ ಅಮೀಬಾ ಇರಬಹುದು. ಹೊಟ್ಟೆಗೆ ಹೋದರೆ ಈ ಅಮೀಬಾ ಏನೂ ಮಾಡುವುದಿಲ್ಲ. ಮೂಗಿನ ಮೂಲಕ ಹೋದರೆ ಮೆದುಳಿಗೆ ಏರುತ್ತದೆ, ಬದುಕುವವರು ತೀರಾ ಕಡಿಮೆ. 2024ರಲ್ಲಿ ಕೇರಳದಲ್ಲಿ ಕೊಳದಲ್ಲಿ ಈಜಿದ ಮಕ್ಕಳಿಗೆ ಬಂದಿತ್ತು. 2011ರಲ್ಲಿ ಅಮೆರಿಕದ ಲೂಯಿಸಿಯಾನಾದಲ್ಲಿ ಮನೆಯ ನಲ್ಲಿ ನೀರಿನಲ್ಲಿ ಮೂಗು ತೊಳೆದ ಇಬ್ಬರು ತೀರಿಕೊಂಡರು. ಬಟ್ಟೆಯಲ್ಲಿ ಸೋಸಿದರೆ ಅಮೀಬಾ ನಿಲ್ಲುವುದಿಲ್ಲ. ನೀರು ಕೊತಕೊತ ಕುದಿಯಬೇಕು, ಕುದಿ ಬಂದ ಮೇಲೂ ಒಂದೆರಡು ನಿಮಿಷ ಬಿಡಿ. ಮುಚ್ಚಿಟ್ಟು ಆರಿಸಿ. ಉಗುರು ಬೆಚ್ಚಗಾದಾಗ ಬಳಸಿ. ಪಾತ್ರೆಯನ್ನೂ ದಿನಾ ತೊಳೆದು ಒಣಗಿಸಿ.

ಉಪ್ಪಿನ ಅಳತೆ: ಅಯೋಡಿನ್ ಇಲ್ಲದ ಉಪ್ಪು ಮೂರು ಟೀ ಚಮಚ, ಅಡುಗೆ ಸೋಡಾ ಒಂದು ಟೀ ಚಮಚ ಬೆರೆಸಿ ಡಬ್ಬಿಯಲ್ಲಿಡಿ. ಅದರಿಂದ ಒಂದು ಟೀ ಚಮಚ, 240 ಮಿಲಿ ನೀರಿಗೆ. ಉರಿ ಆದರೆ ಸ್ವಲ್ಪ ಕಡಿಮೆ ಹಾಕಿ. ಉಪ್ಪೇ ಇಲ್ಲದ ನೀರು ಮೂಗಿಗೆ ಬಿದ್ದರೆ ಚುಚ್ಚುತ್ತದೆ. ಇದು ಹೊತ್ತಿಗೆ ಸಿಗದಿದ್ದರೆ ಅಂಗಡಿಯಲ್ಲಿ ಸಿದ್ಧ ಪೊಟ್ಟಣ ಸಿಗುತ್ತದೆ. ಸರಿಯಾಗಿ ಮಾಡಿದರೆ ಇದಕ್ಕಿಂತ ಒಳ್ಳೆಯ ಸಹಾಯ ಕಡಿಮೆ. ನಿಂತ ಲೋಳೆಯನ್ನು ಕೊಚ್ಚಿಕೊಂಡು ಹೋಗುತ್ತದೆ, ಸ್ಪ್ರೇ ಪೊರೆಗೆ ತಾಕುತ್ತದೆ.

ತಂದೆಯವರ ವಿಷಯ. ಧೂಳಿನ ಕಪ್ಪು ಒರೆಸಿದರೆ ಹೋಗುತ್ತದೆ. ಆ ರೋಗದ ಕಪ್ಪು ಸತ್ತ ಮಾಂಸದ ಹಕ್ಕಳೆ, ಸಾಮಾನ್ಯವಾಗಿ ಒಂದೇ ಕಡೆ ಶುರುವಾಗುತ್ತದೆ. ಜೊತೆಗೆ ಕೆನ್ನೆ ಜೋಮು ಹಿಡಿಯುವುದು, ಕಣ್ಣು ಊದುವುದು, ಒಂದು ಎರಡಾಗಿ ಕಾಣುವುದು, ಅಂಗುಳಲ್ಲಿ ಕಪ್ಪು. ಇದರಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯಬೇಡಿ. ಉಳಿದ ದಿನಗಳಲ್ಲಿ ಅವರ ಸಕ್ಕರೆ ಹತೋಟಿಯಲ್ಲಿರಲಿ, ಅದೇ ದೊಡ್ಡ ಕಾವಲು.

ತುಂಗಭದ್ರಾ ಎಡದಂಡೆ

ತಂದೆಗೆ ಓದಿ ಹೇಳಿದೆ. ಇವತ್ತಿನಿಂದ ಕುದಿಸಿದ ನೀರು. ನಮ್ಮ ಓಣಿಯಲ್ಲಿ ಇನ್ನೂ ನಾಲ್ಕು ಜನ ಅವರ ಜೊತೆ ನೇತಿ ಮಾಡುತ್ತಾರೆ, ಅವರ ಮನೆಗೂ ಹೋಗಿ ಬಂದೆ.

ಬಳ್ಳಾರಿ ಹೊಲಿಗೆ ಅಕ್ಕ (ಏಳು ವಾರದ ನಂತರ)

ಇಷ್ಟು ದಿನ ಉತ್ತರ ಕೊಡದಿದ್ದಕ್ಕೆ ಕ್ಷಮಿಸಿ. ನೋಡಿಕೊಂಡೇ ಬರೆಯೋಣ ಅಂತ ಇದ್ದೆ.

ಎಂಡೋಸ್ಕೋಪಿ ಆಯಿತು, ಸಿಟಿ ಸ್ಕ್ಯಾನ್ ಆಯಿತು. ಎರಡೂ ಕಡೆ ಸಣ್ಣ ಪಾಲಿಪ್ ಇದೆ. ರಕ್ತದಲ್ಲಿ ಅಲರ್ಜಿ ಕಣ ಜಾಸ್ತಿ. ಒಂದು ಪರೀಕ್ಷೆ ನನಗೆ ಬಹಳ ಹಿಡಿಸಿತು. ಮೂಗಿನ ಒಳಗೆ ಒಂದು ಸಣ್ಣ ಸ್ಯಾಕರಿನ್ ಚೂರು ಇಟ್ಟು ಕೂರಿಸಿದರು. ಕೂದಲುಗಳು ಕೆಲಸ ಮಾಡುತ್ತಿದ್ದರೆ ಅರ್ಧ ಗಂಟೆಯೊಳಗೆ ಗಂಟಲಿಗೆ ಸಿಹಿ ಬರಬೇಕಂತೆ. ನನಗೆ ಮುಕ್ಕಾಲು ಗಂಟೆಯಾದರೂ ಬರಲಿಲ್ಲ. ಗಿರಣಿ ಅಣ್ಣ ಹೇಳಿದ ಬೆಲ್ಟ್ ನೆನಪಾಯಿತು.

ಈಗಲೇ ಆಪರೇಷನ್ ಬೇಡ, ಮೂರು ತಿಂಗಳು ತೊಳೆದು ಸ್ಪ್ರೇ ಹೊಡೆದು ಬಾ ಅಂದರು. ಹಳೆಯ ಹನಿ ಬಿಡಿಸಿದರು. ಮೊದಲ ಹತ್ತು ದಿನ ನರಕ, ಬಾಯಿಯಲ್ಲೇ ಉಸಿರಾಡಿದೆ. ಗಂಗಾವತಿ ಅಣ್ಣ ಮೊದಲೇ ಹೇಳಿದ್ದರಿಂದ ತಡೆದುಕೊಂಡೆ.

ಪುಸ್ತಕದಲ್ಲಿ ಈಗ ಬೇರೆ ಥರ ಬರೆಯುತ್ತೇನೆ. ಬಣ್ಣಕ್ಕೆ ಒಂದು ಪದ ಅಷ್ಟೇ. ಎಳೆಯುತ್ತದೋ, ಹರಿಯುತ್ತದೋ? ಒಂದು ಕಡೆಯೋ, ಎರಡು ಕಡೆಯೋ? ರಾತ್ರಿ ಎಷ್ಟು ಸಲ ಎದ್ದೆ? ವಾಸನೆ ನೋಡಲು ಬೆಳಿಗ್ಗೆ ಕಾಫಿ ಪುಡಿ, ಸಂಜೆ ಕೊತ್ತಂಬರಿ.

ಮೂರನೇ ವಾರ ತೊಳೆಯುವಾಗ ಎರಡು ಇಂಚು ಉದ್ದದ ಗಟ್ಟಿ ಲೋಳೆ ಬಂತು, ಹೆದರಿಬಿಟ್ಟೆ. ಆಮೇಲೆ ತೆಳ್ಳಗಾಗುತ್ತಾ ಬಂತು. ಐದನೇ ವಾರ ನೆಗಡಿಯಾಗಿ ನಾಲ್ಕು ದಿನ ಹಸಿರು. ಕೈ ತಾನಾಗಿ ಹಳೆಯ ಚೀಟಿ ಹುಡುಕಿತು. ಮಾತ್ರೆ ತೆಗೆದುಕೊಳ್ಳಲಿಲ್ಲ. ಒಂಬತ್ತನೇ ದಿನಕ್ಕೆ ಹೋಯಿತು. ಮೂರು ವರ್ಷದಲ್ಲಿ ಮಾತ್ರೆಯಿಲ್ಲದೆ ಹಸಿರು ಹೋಗಿದ್ದು ಇದೇ ಮೊದಲು.

ಮೊನ್ನೆ ಗುರುವಾರ ಕಾಫಿ ಪುಡಿ ಡಬ್ಬಿ ತೆಗೆದಾಗ ಏನೋ ಒಂದು ಗೊತ್ತಾಯಿತು. ಪೂರ್ತಿ ಅಲ್ಲ. ದೂರದ ಮನೆಯಲ್ಲಿ ಯಾರೋ ಹುರಿಯುತ್ತಿದ್ದಾರೆ ಅನ್ನುವಷ್ಟು. ಮಗಳನ್ನು ಕರೆದು ಅವಳ ಕೈಗೆ ಡಬ್ಬಿ ಕೊಟ್ಟು, ನಾನು ಕಣ್ಣು ಮುಚ್ಚಿ ನಿಂತೆ. ಮೂರು ಸಲ ಅದನ್ನೂ ಬೇರೆ ಡಬ್ಬಿಯನ್ನೂ ಅದಲುಬದಲು ಮಾಡಿ ಹಿಡಿದಳು. ಎರಡು ಸಲ ಸರಿಯಾಗಿ ಹೇಳಿದೆ.

ಡಾಕ್ಟ್ರಮ್ಮಾ, ಒಂದು ಕೇಳುವುದಿತ್ತು. ಈಗ ಬೆಳಿಗ್ಗೆ ಒಂದು ಸಲ ತೊಳೆಯುತ್ತೇನೆ. ಹೊಲಿಗೆ ಮುಗಿಸಿ ಬಂದಾಗ ಮೂಗಿನ ತುಂಬಾ ನೀಲಿ ಎಳೆ ಇರುತ್ತದೆ. ಸಂಜೆ ಇನ್ನೊಂದು ಸಲ ತೊಳೆಯಬಹುದಾ?

ರಾಯಚೂರು ಕೋಟೆ

ಅಕ್ಕಾರೇ, ಎರಡು ಸಲ ಸರಿ ಹೇಳಿದಿರಿ ಅಂದರಲ್ಲ, ಓದಿ ಕುರ್ಚಿಯಿಂದ ಎದ್ದು ನಿಂತೆ. ಬಿಡಬೇಡಿ, ಸ್ಪ್ರೇ ಬಿಡಬೇಡಿ.

ಮೂಗಿನ ಡಾಕ್ಟರ್

ತೊಳೆಯಬಹುದು ಅಕ್ಕಾ. ನಿಮ್ಮ ಕೆಲಸಕ್ಕೆ ಸಂಜೆಯದೇ ಹೆಚ್ಚು ಮುಖ್ಯ. ಮನೆಗೆ ಬಂದ ಕೂಡಲೇ ತೊಳೆಯಿರಿ, ಹಾಸಿಗೆಗೆ ಹೋಗುವ ಹೊತ್ತಿಗಲ್ಲ. ಉಳಿದ ನೀರು ಮಲಗಿದಾಗ ಗಂಟಲಿಗೆ ಇಳಿಯುತ್ತದೆ. ತೊಳೆದು ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಸ್ಪ್ರೇ. ಹೊಲಿಯುವಾಗ ಮಾಸ್ಕ್ ಹಾಕಿ, ದಿನಾ ಬದಲಿಸಿ. ಮೂರು ತಿಂಗಳ ಪರೀಕ್ಷೆಗೆ ಹೋಗುವಾಗ ಆ ಲೆಕ್ಕದ ಪುಸ್ತಕವನ್ನು ಮರೆಯದೆ ಜೊತೆಗೆ ಒಯ್ಯಿರಿ.